ಕ್ರೈಸ್ತರು ದೇವರ ಹತ್ತಿರ ಏನು ಬೇಡಿಕೊಳ್ಳುತ್ತಾರೆ?

ಪ್ರಶ್ನೆ: ಈಚೆಗೆ ಅಮ್ಮನಿಗೆ ಹೃದಯದ ಬೈಪಾಸ್ ಆಪರೇಷನ್ ಆಯಿತು. ಈಗ ಹುಷಾರಾಗಿದ್ದಾರೆ. ಆಪರೇಷನ್ನಿನ ಹಿಂದಿನ ದಿನ ನನ್ನ ಜೊತೆ ಕೆಲಸ ಮಾಡುವ ಕ್ರೈಸ್ತ ಗೆಳೆಯರೊಬ್ಬರು ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡಿದರು. ಅಮ್ಮನನ್ನು ಗುಣಮಾಡು ಎಂದು ಕೇಳಿದರು. ಡಾಕ್ಟರಿಗಾಗಿ, ನರ್ಸ್‌ಗಳಿಗಾಗಿ, ಪಕ್ಕದ ಬೆಡ್ಡಿನಲ್ಲಿದ್ದವರಿಗಾಗಿಯೂ ಕೇಳಿದರು. ಕೊನೆಗೆ ‘ನಿನ್ನ ಚಿತ್ತದಂತೆ ಆಗಲಿ’ ಎಂದರು. ಆ ಕೊನೆಯ ಮಾತು ಕೇಳಿ ನನಗೆ ಕಸಿವಿಸಿಯಾಯಿತು. ಕ್ರೈಸ್ತರು ಪ್ರಾರ್ಥನೆಯಲ್ಲಿ ನಿಜವಾಗಿ ಏನು ಕೇಳುತ್ತಾರೆ? ನಮ್ಮ ಹಾಗೆ ಹರಕೆ ಹೊರುವುದು ಇದೆಯೇ? ಕೇಳಿದ್ದು ಸಿಗದೆ ಹೋದರೆ ಏನಂದುಕೊಳ್ಳುತ್ತಾರೆ? ದೇವರಿಗೆ ಎಲ್ಲ ಗೊತ್ತು ಅನ್ನುವುದಾದರೆ ಕೇಳುವುದಾದರೂ ಯಾಕೆ?

ಉತ್ತರ: ನಿಮ್ಮ ಕಸಿವಿಸಿ ಅರ್ಥವಾಗುತ್ತದೆ. ‘ಉಳಿಸು’ ಎಂದು ಬೇಡಿ, ಮರುಕ್ಷಣವೇ ‘ನಿನ್ನಿಷ್ಟ’ ಎಂದರೆ ಅರ್ಧ ಮನಸ್ಸಿನಿಂದ ಕೇಳಿದ ಹಾಗೆ ಕಾಣುತ್ತದೆ. ಆದರೆ ಅದು ಕೈಚೆಲ್ಲಿದವರ ಮಾತಲ್ಲ. ಅದು ಎಲ್ಲಿಂದ ಬಂತು ಎಂದು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ದೊಡ್ಡ ಪ್ರಶ್ನೆ.

ಏನು ಕೇಳುತ್ತಾರೆ? ಎಲ್ಲವನ್ನೂ ಕೇಳುತ್ತಾರೆ. ಮಗಳಿಗೆ ಒಳ್ಳೆ ಗಂಡು ಸಿಗಲಿ. ಮಗ ಎಸ್ಸೆಸ್ಸೆಲ್ಸಿ ಪಾಸಾಗಲಿ. ಬೋರ್‌ವೆಲ್‌ನಲ್ಲಿ ನೀರು ಬರಲಿ. ಗಂಡ ಕುಡಿಯುವುದು ಬಿಡಲಿ. ಸೈಟಿನ ಕೇಸು ಬೇಗ ಮುಗಿಯಲಿ. ಯಾವುದಾದರೂ ಮನೆ ಪ್ರಾರ್ಥನಾ ಕೂಟದಲ್ಲಿ ಒಂದು ಸಂಜೆ ಕುಳಿತರೆ ಇವೆಲ್ಲ ಕಿವಿಗೆ ಬೀಳುತ್ತವೆ. ದೇವರ ಮುಂದೆ ಹೀಗೆ ಲೌಕಿಕದ ಪಟ್ಟಿ ಇಡುವುದು ಕೀಳು, ಸುಮ್ನೆ ಭಕ್ತಿ ಮಾಡಬೇಕು ಎನ್ನುವವರಿದ್ದಾರೆ. ಬೈಬಲ್ ಹಾಗೆ ಹೇಳುವುದಿಲ್ಲ. ಮಕ್ಕಳಿಲ್ಲದ ಹನ್ನ ಎಂಬ ಹೆಂಗಸು ಶೀಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತಾ ಎಷ್ಟು ಅತ್ತಳೆಂದರೆ, ಈಕೆ ಕುಡಿದು ಬಂದಿದ್ದಾಳೆ ಎಂದು ಯಾಜಕ ಏಲಿ ಬೈದನಂತೆ. ಅವಳು ಕೇಳಿದ್ದು ಮೋಕ್ಷವನ್ನಲ್ಲ, ಒಂದು ಗಂಡುಮಗುವನ್ನು. ಯೆರಿಕೋ ಊರಿನ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯ, ಜನ ಸುಮ್ಮನಿರು ಎಂದು ಗದರಿದಷ್ಟೂ ಜೋರಾಗಿ ಯೇಸುವನ್ನು ಕೂಗಿದ. ‘ನನಗೆ ಕಣ್ಣು ಕಾಣಬೇಕು’ ಎಂದು ನೇರವಾಗಿ ಕೇಳಿದ. ಯಾರೂ ಅವನಿಗೆ ವೈರಾಗ್ಯದ ಪಾಠ ಹೇಳಲಿಲ್ಲ. ಯೇಸು ಕಣ್ಣು ಕೊಟ್ಟರು.

ಹಾಗಾಗಿ ನಾಚಿಕೆ ಬಿಟ್ಟು ಕೇಳುವುದು ಕ್ರೈಸ್ತ ಪ್ರಾರ್ಥನೆಯ ಮೊದಲ ಗುಣ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಓದಿಕೊಂಡ ಕ್ರೈಸ್ತರಿಗೇ ಇದು ಈಗೀಗ ಮುಜುಗರ ತರುತ್ತಿದೆ. ಆದರೆ ಇಷ್ಟೇ ಆಗಿದ್ದರೆ ನಿಮಗೆ ಉದ್ದನೆಯ ಉತ್ತರ ಬೇಕಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಕೇಳುವ ಈ ಜನರಿಗೆ ಯೇಸು ಒಂದು ಮಾದರಿಯನ್ನೂ ಕೊಟ್ಟಿದ್ದಾರೆ. ಆ ಮಾದರಿ ಕೇಳುವವರನ್ನು ನಿಧಾನವಾಗಿ ಬದಲಿಸುತ್ತದೆ.

ಅದೇ ಕರ್ತನ ಪ್ರಾರ್ಥನೆ. ‘ನಮ್ಮ ತಂದೆಯೇ’ ಎಂದು ಶುರುವಾಗುವ ಪ್ರಾರ್ಥನೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲೂ ಇದೆ. ನಿಧಾನವಾಗಿ ಹೇಳಿದರೂ ಒಂದು ನಿಮಿಷ ಬೇಡ. ಕ್ರೈಸ್ತ ಧರ್ಮದ ಆರಂಭದ ಕಾಲದ ‘ಡಿಡಾಖೆ’ ಎಂಬ ಪುಟ್ಟ ಕೈಪಿಡಿ ಇದನ್ನು ದಿನಕ್ಕೆ 3 ಸಲ ಹೇಳಿ ಎನ್ನುತ್ತದೆ. ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ)ಯವರು, ಮೆಥೊಡಿಸ್ಟರು, ಸಿರಿಯನ್ ಸಭೆಗಳವರು ಒಬ್ಬರನ್ನೊಬ್ಬರು ಎಷ್ಟೇ ವಿಷಯಗಳಲ್ಲಿ ಒಪ್ಪದಿದ್ದರೂ ಈ ಪ್ರಾರ್ಥನೆಯಲ್ಲಿ ಜೊತೆ ಸೇರುತ್ತಾರೆ.

ಅದರಲ್ಲಿ ಇರುವುದು 7 ಕೋರಿಕೆ. ಮೊದಲ ಮೂರರಲ್ಲಿ ನಮ್ಮ ಸುದ್ದಿಯೇ ಇಲ್ಲ. ನಿನ್ನ ಹೆಸರು ಪವಿತ್ರವಾಗಲಿ, ನಿನ್ನ ರಾಜ್ಯ ಬರಲಿ, ನಿನ್ನ ಚಿತ್ತ ಪರಲೋಕದಲ್ಲಿ ನೆರವೇರುವ ಹಾಗೆ ಈ ಭೂಮಿಯ ಮೇಲೂ ನೆರವೇರಲಿ. ಅನ್ನಕ್ಕಿಂತ ಮುಂಚೆ, ಕಾಯಿಲೆಗಿಂತ ಮುಂಚೆ ಇದು. ಬೆಳಿಗ್ಗೆ ಎದ್ದು ತಲೆ ತುಂಬ ಸಾಲದ ಚಿಂತೆ ಇರುವವನು ಮೊದಲು ದೇವರ ಆಳ್ವಿಕೆ ಬರಲಿ, ನ್ಯಾಯ ನೆಲೆಸಲಿ ಎಂದು ಕೇಳಬೇಕು. ಸುಲಭವಲ್ಲ. ಎಷ್ಟೋ ಜನ ಈ ಮೂರನ್ನು ಬಾಯಿಪಾಠದಲ್ಲಿ ಓಡಿಸಿಬಿಟ್ಟು ‘ಆಹಾರ’ ಬಂದ ಕಡೆ ನಿಲ್ಲುತ್ತಾರೆ. ಆದರೂ ಸಾಲುಗಳು ಇರುವ ಕ್ರಮ ಹಾಗೇ ಇದೆ. ದಿನಾ ಹೇಳುತ್ತಾ ಹೋದರೆ ಯಾವಾಗಲೋ ಒಂದು ದಿನ ಅದು ನಾಟುತ್ತದೆ.

ಇನ್ನೊಂದು ಗಮನಿಸಿ. ಇಡೀ ಪ್ರಾರ್ಥನೆಯಲ್ಲಿ ‘ನಾನು’ ಇಲ್ಲ, ‘ನನಗೆ’ ಇಲ್ಲ. ನಮ್ಮ ತಂದೆ, ನಮಗೆ ಕೊಡು, ನಮ್ಮನ್ನು ಕ್ಷಮಿಸು. 3ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ತೇಜ್ ನಗರದ ಬಿಷಪ್ ಆಗಿದ್ದ ಸಿಪ್ರಿಯನ್ ಇದನ್ನು ಬಿಡಿಸಿ ಬರೆದಿದ್ದಾರೆ. ಅವರ ಕಾಲದಲ್ಲಿ ಊರಿಗೆ ಮಾರಿಬೇನೆ ಬಂದಿತ್ತು. ಕ್ರೈಸ್ತರಿಗೆ ಸರ್ಕಾರದ ಕಿರುಕುಳವೂ ಇತ್ತು. 258ರಲ್ಲಿ ಅವರ ತಲೆಯನ್ನೇ ತೆಗೆದರು. ಅಂಥ ಹೊತ್ತಿನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪ್ರಾಣಕ್ಕಾಗಿ ಕೇಳಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಸಿಪ್ರಿಯನ್ ಹೇಳಿದ್ದು ಬೇರೆ. ನಮ್ಮ ಪ್ರಾರ್ಥನೆ ಎಲ್ಲರದು, ಒಬ್ಬನು ಬೇಡುವಾಗ ಇಡೀ ಜನರಿಗಾಗಿ ಬೇಡುತ್ತಾನೆ, ಯಾಕೆಂದರೆ ನಾವೆಲ್ಲ ಒಂದೇ. ನಿಮ್ಮ ಗೆಳೆಯರು ಪಕ್ಕದ ಬೆಡ್ಡಿನವರನ್ನು ಸೇರಿಸಿಕೊಂಡದ್ದು ಒಳ್ಳೆಯ ನಡತೆಗಾಗಿ ಅಲ್ಲ. ಅವರು ಚಿಕ್ಕಂದಿನಿಂದ ಕಲಿತ ಪ್ರಾರ್ಥನೆಯೇ ಹಾಗಿದೆ.

ಈಗ ಅನ್ನದ ಮಾತು. ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ಕೊಡು. ಈ ಸಾಲಿನ ಮೇಲೆ ನನಗೆ ಜಾಸ್ತಿ ಪ್ರೀತಿ. ಕೇಳುವುದು ಈ ದಿನದ್ದನ್ನು. ಐದು ವರ್ಷದ್ದನ್ನಲ್ಲ, ಮಕ್ಕಳ ಕಾಲಕ್ಕೂ ಸಾಲುವಷ್ಟಲ್ಲ. ಇದನ್ನು ಮೊದಲು ಕೇಳಿಸಿಕೊಂಡ ಯೆಹೂದ್ಯರಿಗೆ ಮರುಭೂಮಿಯ ಹಳೆಯ ಕಥೆ ನೆನಪಾಗಿರಲೇಬೇಕು. ಈಜಿಪ್ಟಿನ ಜೀತದಿಂದ ಬಿಡಿಸಿಕೊಂಡು ಬಂದವರಿಗೆ ದೇವರು ಮನ್ನ ಎಂಬ ಆಹಾರ ಕೊಟ್ಟರು. ಪ್ರತಿ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟು ಮಾತ್ರ ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಎಂದು ಕೂಡಿಟ್ಟವರ ಮನ್ನ ಹುಳ ಬಿದ್ದು ನಾರಿತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಕೆಲಸ ಮಾಡಬಾರದು ಎಂದು ಅದರ ಹಿಂದಿನ ದಿನ ಮಾತ್ರ ಎರಡರಷ್ಟು. ಜ್ಞಾನೋಕ್ತಿಗಳ 30ನೇ ಅಧ್ಯಾಯದಲ್ಲಿ ಆಗೂರ ಎಂಬಾತನ ಪ್ರಾರ್ಥನೆಯೊಂದಿದೆ. ಬಡತನವನ್ನೂ ಕೊಡಬೇಡ, ಐಶ್ವರ್ಯವನ್ನೂ ಕೊಡಬೇಡ, ನನಗೆ ತಕ್ಕಷ್ಟು ಆಹಾರ ಕೊಡು. ಹೊಟ್ಟೆ ತುಂಬಿದರೆ ದೇವರು ಯಾರು ಅಂದುಬಿಡುತ್ತೇನೆ, ಹಸಿದರೆ ಕಳ್ಳತನ ಮಾಡುತ್ತೇನೆ. ತನ್ನನ್ನು ತಾನು ಇಷ್ಟು ಚೆನ್ನಾಗಿ ಅರಿತು ಬೇಡಿದವನ ಪ್ರಾರ್ಥನೆ ಬೈಬಲಿನಲ್ಲೂ ಅಪರೂಪ.

ಹಾಗೆಂದು ಆಹಾರ ಎಂದರೆ ಬರೀ ರೊಟ್ಟಿಯಲ್ಲ. ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಯಜಮಾನರು ಮಕ್ಕಳಿಗೆ ಹೇಳಿಕೊಡಲಿ ಎಂದು ಸಣ್ಣ ಪ್ರಶ್ನೋತ್ತರ ಪುಸ್ತಕ ಬರೆದರು. ಅನುದಿನದ ಆಹಾರ ಎಂದರೇನು ಎಂಬುದಕ್ಕೆ ಅವರ ಉತ್ತರ ಉದ್ದವಾಗಿದೆ. ಅನ್ನ ನೀರು, ಬಟ್ಟೆ, ಕಾಲಿಗೆ ಚಪ್ಪಲಿ, ಮನೆ, ಹೊಲ, ದನಕರು, ದುಡ್ಡು, ಒಳ್ಳೆಯ ಸಂಗಾತಿ, ಒಳ್ಳೆಯ ಮಕ್ಕಳು, ಒಳ್ಳೆಯ ಸರ್ಕಾರ, ಹದವಾದ ಹವೆ, ನೆಮ್ಮದಿ, ಆರೋಗ್ಯ, ನಂಬಿಕಸ್ಥ ಸ್ನೇಹಿತರು, ಒಳ್ಳೆಯ ನೆರೆಹೊರೆ. ಅಂದರೆ ಬೋರ್‌ವೆಲ್ಲಿನ ನೀರಿಗೂ ಇಲ್ಲಿ ಜಾಗವಿದೆ. ಒಳ್ಳೆಯ ಸರ್ಕಾರ ಬೇಕೆಂದು ಅನ್ನದ ಜೊತೆಗೇ ಕೇಳಬೇಕೆಂದು ಅವರಿಗೆ ಹೊಳೆದದ್ದು ಎಷ್ಟು ಸರಿ. ಆಡಳಿತ ಕೆಟ್ಟರೆ ತಟ್ಟೆಯೂ ಖಾಲಿ, ಅಲ್ವಾ?

ನಮ್ಮ ಕರಾವಳಿಯಲ್ಲಿ ಈ ಕೋರಿಕೆಯ ಇನ್ನೊಂದು ಮುಖ ನೋಡಬಹುದು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರಿನ ಕಡೆಯ ಕಥೋಲಿಕರಿಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಮಕ್ಕಳು ಹೂ ತಂದು ಬಾಲ ಮರಿಯಮ್ಮನಿಗೆ ಹಾಕುತ್ತಾರೆ. ಹೊಸ ತೆನೆಯನ್ನು ಗುರುಗಳು ಆಶೀರ್ವದಿಸಿ ಮನೆ ಮನೆಗೆ ಹಂಚುತ್ತಾರೆ. ಕಾಳು ಸುಲಿದು ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ಸೇವಿಸುತ್ತಾರೆ. ಆ ದಿನ ಊಟವೂ ಸಸ್ಯಾಹಾರ. ಕೇಳಿದವರು ದೇವರು ಕೊಟ್ಟದ್ದನ್ನು ನೆನೆಯುವುದು ಇಲ್ಲಿ ಕೇಳುವುದರ ಭಾಗವೇ ಆಗಿದೆ.

ಮುಂದಿನ ಕೋರಿಕೆ ಕಷ್ಟದ್ದು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು. ಕ್ಷಮೆ ಕೇಳುವ ಪ್ರಾರ್ಥನೆ ಎಷ್ಟೋ ಧರ್ಮಗಳಲ್ಲಿ ಇದೆ. ಇಲ್ಲಿ ಮಾತ್ರ ಕೇಳುವವನು ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಳ್ಳುತ್ತಾನೆ. ನಾನು ಅಣ್ಣನ ಮೇಲೆ ಹತ್ತು ವರ್ಷದಿಂದ ಹಗೆ ಇಟ್ಟುಕೊಂಡಿದ್ದರೆ, ದೇವರೇ ನನ್ನನ್ನೂ ಹಾಗೇ ನಡೆಸಿಕೋ ಎಂದು ದಿನಾ ಕೇಳಿದ ಹಾಗಾಯಿತು. ಯೇಸು ಇದನ್ನು ತಿಳಿಯದೆ ಹೇಳಿದ್ದಲ್ಲ. ಮತ್ತಾಯನಲ್ಲಿ ಪ್ರಾರ್ಥನೆ ಮುಗಿದ ಕೂಡಲೇ, 7 ಕೋರಿಕೆಗಳಲ್ಲಿ ಈ ಒಂದನ್ನು ಮಾತ್ರ ಮತ್ತೆ ಎತ್ತಿಕೊಂಡು, ನೀವು ಕ್ಷಮಿಸದಿದ್ದರೆ ನಿಮ್ಮ ತಂದೆಯೂ ಕ್ಷಮಿಸುವುದಿಲ್ಲ ಎಂದು ಬಿಡಿಸಿ ಹೇಳುತ್ತಾರೆ.

ಇದು ಬರೀ ಮಾತಿನಲ್ಲಿ ಉಳಿದಿಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಮಲಗಿದ್ದ ಜೀಪಿನಲ್ಲೇ ಸುಟ್ಟು ಕೊಂದರು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ಸ್ಟೇನ್ಸ್ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದವರು. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಎಲ್ಲರ ಮುಂದೆ ಹೇಳಿದರು. ಆಮೇಲೂ ಅಲ್ಲೇ ಉಳಿದು ಕುಷ್ಠರೋಗಿಗಳ ಕೆಲಸ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಕಾನೂನು ತನ್ನ ಕೆಲಸ ಮಾಡಿತು, ಮಾಡಬೇಕು ಕೂಡ. ಕ್ಷಮೆ ಎಂದರೆ ಅಪರಾಧವನ್ನು ಮುಚ್ಚಿಹಾಕುವುದಲ್ಲ. ಆದರೆ ಈ ಒಂದು ಸಾಲನ್ನು ಬದುಕಿನುದ್ದಕ್ಕೂ ಹೇಳಿದವರು ಏನು ಮಾಡಬಲ್ಲರು ಎಂಬುದಕ್ಕೆ ನನಗೆ ಗ್ಲಾಡಿಸ್ ಅವರಿಗಿಂತ ದೊಡ್ಡ ಉದಾಹರಣೆ ಗೊತ್ತಿಲ್ಲ.

ಉಳಿದ ಎರಡು ಕೋರಿಕೆ, ಶೋಧನೆಗೆ (ತಪ್ಪಿನ ಕಡೆ ಸೆಳೆಯುವ ಪರೀಕ್ಷೆಗೆ) ಒಳಪಡಿಸಬೇಡ, ಕೇಡಿನಿಂದ ತಪ್ಪಿಸು. ಇವನ್ನು ವಿವರಿಸುವುದಕ್ಕಿಂತ ಹಳೆಯ ಸಭೆಗಳು ಕೇಡುಗಳ ಪಟ್ಟಿ ಮಾಡಿದ್ದನ್ನು ಹೇಳುವುದೇ ಲೇಸು. ಲ್ಯಾಟಿನ್ ಭಾಷೆಯ ಹಳೆಯ ಸಾಲುಪ್ರಾರ್ಥನೆಯಲ್ಲಿ ಗುರುಗಳು ಒಂದೊಂದೇ ಹೇಳುತ್ತಾರೆ, ಜನ ‘ನಮ್ಮನ್ನು ಬಿಡಿಸು’ ಎನ್ನುತ್ತಾರೆ. ಮಾರಿಬೇನೆಯಿಂದ, ಬರಗಾಲದಿಂದ, ಯುದ್ಧದಿಂದ, ಸಿಡಿಲು ಬಿರುಗಾಳಿಯಿಂದ, ಭೂಕಂಪದಿಂದ. ಅದರಲ್ಲೊಂದು ಹಠಾತ್ ಸಾವಿನಿಂದ ಎಂಬುದು. ಈಗ ನಾವೆಲ್ಲ ನಿದ್ದೆಯಲ್ಲೇ ಹೋಗಿಬಿಟ್ಟರೆ ಪುಣ್ಯ ಅನ್ನುತ್ತೇವೆ. ಆ ಕಾಲದ ಕ್ರೈಸ್ತರು ಅದು ಬೇಡ ಎಂದು ಬೇಡಿಕೊಂಡರು. ಸಾಯುವ ಮುಂಚೆ ತಪ್ಪು ಒಪ್ಪಿಕೊಳ್ಳಲು, ಜಗಳವಾಡಿದವರ ಕೈ ಹಿಡಿಯಲು, ಮನೆಯವರಿಗೆ ಎರಡು ಮಾತು ಹೇಳಲು ಹೊತ್ತು ಬೇಕಿತ್ತು ಅವರಿಗೆ. ಕಥೋಲಿಕರು ಜಪಮಾಲೆಯಲ್ಲಿ ‘ನಮೋ ಮರಿಯ’ ಹೇಳುವಾಗ ಈಗಲೂ, ನಮ್ಮ ಮರಣದ ಸಮಯದಲ್ಲೂ ನಮಗಾಗಿ ಪ್ರಾರ್ಥಿಸಿ ಎಂದು ಕೇಳುವುದೂ ಇದೇ ಕಾಳಜಿಯಿಂದ.

ಇಲ್ಲಿ ನಿಮ್ಮ ಹರಕೆಯ ಪ್ರಶ್ನೆಗೆ ಬರಬಹುದು. ಹೌದು, ಕಥೋಲಿಕರಲ್ಲಿ ಹರಕೆ ಇದೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರಗಳಂದು, ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಬಸಿಲಿಕಕ್ಕೆ ಜನವರಿಯ ಜಾತ್ರೆಯಲ್ಲಿ, ಮೈಸೂರು ಜಿಲ್ಲೆಯ ದೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಜೂನ್ 13ರ ಹಬ್ಬಕ್ಕೆ ಹೋಗಿ ನೋಡಿ. ಮೇಣದಬತ್ತಿ ಹಚ್ಚುವವರು, ಒಂಬತ್ತು ದಿನದ ನೊವೇನಾ ಮಾಡುವವರು, ಹರಕೆ ತೀರಿಸಲು ಬಂದವರು. ಅವರಲ್ಲಿ ಹಿಂದೂಗಳೂ ತುಂಬ ಜನ. ಕಾವಿ ಬಟ್ಟೆ ತೊಟ್ಟು ಬೆಂಗಳೂರಿನಿಂದ ವೇಳಾಂಗಣಿಗೆ ನಡೆದುಹೋಗುವವರೂ ಇದ್ದಾರೆ. ಸಂತರ ಮೂಲಕ ಕೇಳುವುದು ಎಂದರೆ ಸಂತರನ್ನು ದೇವರೆಂದು ಪೂಜಿಸುವುದಲ್ಲ, ನನಗಾಗಿ ದೇವರ ಹತ್ತಿರ ಒಂದು ಮಾತು ಹೇಳಿ ಎಂದು ಕೋರುವುದು. ಪ್ರೊಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ. ಯೇಸುವಿನ ಹೆಸರಿನಲ್ಲಿ ನೇರವಾಗಿ ತಂದೆಯನ್ನೇ ಕೇಳಬೇಕು ಎನ್ನುತ್ತಾರೆ. ಅವರಲ್ಲಿ ಹರಕೆಗಿಂತ ಉಪವಾಸ ಪ್ರಾರ್ಥನೆ, ಸಿಕ್ಕ ಮೇಲೆ ಸಭೆಯಲ್ಲಿ ಸಾಕ್ಷಿ ಹೇಳುವುದು, ಕೃತಜ್ಞತೆಯ ಕಾಣಿಕೆ ಕೊಡುವುದು ಹೆಚ್ಚು.

ಆದರೆ ಎರಡೂ ಕಡೆಯವರು ಒಪ್ಪುವ ಒಂದು ಮಾತಿದೆ. ದೇವರ ಜೊತೆ ವ್ಯಾಪಾರ ನಡೆಯುವುದಿಲ್ಲ. ಬೈಬಲಿನಲ್ಲಿ ಯೆಪ್ತಾಹ ಎಂಬ ಸೇನಾಪತಿ, ಗೆದ್ದು ಬಂದರೆ ಮನೆ ಬಾಗಿಲಿಂದ ಮೊದಲು ಎದುರು ಬಂದದ್ದನ್ನು ಅರ್ಪಿಸುತ್ತೇನೆ ಎಂದು ಹರಕೆ ಹೊತ್ತ. ಎದುರು ಬಂದವಳು ಅವನ ಒಬ್ಬಳೇ ಮಗಳು. ಆ ಕಥೆ ಅಲ್ಲಿರುವುದು ಎಚ್ಚರಿಕೆಯಾಗಿ ಎಂದೇ ನಾನು ಓದುತ್ತೇನೆ. ಈಗ ಕೆಲವು ಪ್ರಚಾರಕರು ಇಷ್ಟು ಕಾಣಿಕೆ ಕೊಟ್ಟರೆ ದೇವರು ಇಷ್ಟು ಪಟ್ಟು ವಾಪಸ್ ಕೊಡುತ್ತಾನೆ ಎಂದು ಹೇಳುತ್ತಾರೆ. ನಾನು ಖಂಡಿತವಾಗಿ ಹೇಳುತ್ತೇನೆ, ಅದು ಯೇಸು ಕಲಿಸಿದ್ದಲ್ಲ. ಬಡವರ ಕೈಯಲ್ಲಿರುವ ಕೊನೆಯ ನೋಟನ್ನೂ ಕಿತ್ತುಕೊಳ್ಳುವ ಬೋಧನೆ ಅದು.

ಇನ್ನು ಕೇಳಿದ್ದು ಸಿಗದೆ ಹೋದಾಗ. ಇದೇ ನಿಮ್ಮ ಪ್ರಶ್ನೆಯ ಹೃದಯ ಅನ್ನಿಸುತ್ತದೆ.

ಯೇಸು ತಾವೇ ಕೇಳಿದ್ದು ಸಿಗಲಿಲ್ಲ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಮೊಣಕಾಲೂರಿ, ತಂದೆಯೇ, ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಎಂದು ಬೇಡಿದರು. ಬೆವರು ನೆಲಕ್ಕೆ ಬೀಳುವ ರಕ್ತದ ಹನಿಗಳಂತಿತ್ತು ಎಂದು ಲೂಕ ಬರೆಯುತ್ತಾನೆ. ಜೊತೆಗೆ ಬಂದ ಶಿಷ್ಯರು ನಿದ್ದೆಹೋಗಿದ್ದರು. ಆಮೇಲೆ ಯೇಸು ಅಂದದ್ದೇ ‘ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ’. ನಿಮ್ಮ ಗೆಳೆಯರು ಹೇಳಿದ ಮಾತು ಅಲ್ಲಿಂದ ಬಂದದ್ದು. ಕೇಳುವುದಕ್ಕೆ ಬದಲಾಗಿ ಹೇಳಿದ್ದಲ್ಲ, ಪೂರ್ತಿ ಕೇಳಿಕೊಂಡ ಮೇಲೆ ಹೇಳಿದ್ದು. ಈ ಕ್ರಮ ಬಹಳ ಮುಖ್ಯ. ಏನನ್ನೂ ಬೇಡದೆ ಮೊದಲೇ ‘ನಿನ್ನಿಷ್ಟ’ ಎಂದುಬಿಡುವವರು ಬೇಸರ ತಪ್ಪಿಸಿಕೊಳ್ಳಲು ಹಾಗೆ ಹೇಳುತ್ತಿರಬಹುದು. ನಿಮ್ಮ ಗೆಳೆಯರು ಅಮ್ಮನನ್ನು ಗುಣಮಾಡು ಎಂದು ಬಾಯಿಬಿಟ್ಟು ಕೇಳಿದರು. ಆಮೇಲೆ ತಾವು ಕೇಳಿದ್ದಕ್ಕಿಂತ ಆ ತಂದೆ ದೊಡ್ಡವನು ಎಂದು ಒಪ್ಪಿಸಿದರು.

ಅಪೊಸ್ತಲ ಪೌಲನಿಗೂ ಇದೇ ಆಯಿತು. ಶರೀರದಲ್ಲಿ ನಾಟಿದ ಮುಳ್ಳು ಎಂದು ಅವನು ಕರೆದ ಯಾವುದೋ ಬಾಧೆಯನ್ನು ತೆಗೆದುಬಿಡು ಎಂದು 3 ಸಲ ಬೇಡಿದ. ಬಾಧೆ ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು ಎನ್ನುತ್ತಾನೆ. ಬೇರೆಯವರ ಕಾಯಿಲೆ ವಾಸಿಮಾಡಿದವನೆಂದು ಹೆಸರಾದ ಪೌಲನೇ ಹೀಗೆ ಬರೆದದ್ದು ನೆನಪಿರಲಿ. ನಿಮಗೆ ನಂಬಿಕೆ ಸಾಲದು, ಅದಕ್ಕೇ ಗುಣವಾಗಲಿಲ್ಲ ಎಂದು ರೋಗಿಗೆ ಹೇಳುವವರನ್ನು ಕಂಡರೆ ಈ ಭಾಗ ತೆರೆದು ತೋರಿಸಬೇಕು ಅನ್ನಿಸುತ್ತದೆ. ನೋವಿನಲ್ಲಿರುವವರ ಮೇಲೆ ಇನ್ನೊಂದು ಹೊರೆ ಹೇರುವ ಮಾತು ಅದು.

ಸಿಗದಿದ್ದಾಗ ಕ್ರೈಸ್ತರು ಸುಮ್ಮನೆ ತಲೆಬಾಗಬೇಕು ಎಂದೂ ಇಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ದೂರು, ಅಳಲು ತುಂಬಿದವು ರಾಶಿ ಇವೆ. 13ನೇ ಕೀರ್ತನೆ ಎಷ್ಟು ಕಾಲ, ಇನ್ನೂ ಎಷ್ಟು ಕಾಲ ಎಂದು 4 ಸಲ ಕೇಳುತ್ತದೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ಸಮಾಧಾನದ ಒಂದು ಸಾಲೂ ಬರುವುದಿಲ್ಲ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ದೇವರ ಮೇಲೆ ಕೂಗಾಡಿದರೆ ಅದೂ ಪ್ರಾರ್ಥನೆಯೇ.

ಕೆಲವು ಸಲ ಸಿಗದೆ ಹೋದದ್ದರ ಅರ್ಥ ಆಮೇಲೆ ಕಾಣುತ್ತದೆ. ಮುಂದೆ ಬಿಷಪ್ ಆದ ಸಂತ ಆಗಸ್ಟೀನರ ತಾಯಿ ಮೋನಿಕಾ ಮಗ ಕ್ರೈಸ್ತನಾಗಲಿ ಎಂದು ವರ್ಷಗಟ್ಟಲೆ ಅತ್ತರು. 383ರಲ್ಲಿ ಮಗ ರೋಮಿಗೆ ಹೊರಟಾಗ, ಅಲ್ಲಿ ಹೋದರೆ ಇನ್ನೂ ಕೆಡುತ್ತಾನೆ ಎಂದು ಹೆದರಿ ಹೋಗದಂತೆ ತಡೆ ಎಂದು ಬೇಡಿದರು. ಸ್ನೇಹಿತನನ್ನು ಹಡಗು ಹತ್ತಿಸಿ ಬರುತ್ತೇನೆ ಎಂದು ಮಗ ಸುಳ್ಳು ಹೇಳಿದ. ತಾಯಿ ಆ ರಾತ್ರಿ ಕಾರ್ತೇಜಿನ ಸಂತ ಸಿಪ್ರಿಯನ್ನರ ಗುಡಿಯಲ್ಲಿ ಪ್ರಾರ್ಥಿಸುತ್ತಿರುವಾಗಲೇ ಹಡಗು ಹೊರಟುಹೋಯಿತು. ರೋಮಿನಿಂದ ಅವನು ಮಿಲಾನಿಗೆ ಹೋದ. 387ರ ಈಸ್ಟರಿಗೆ ಅಲ್ಲೇ ದೀಕ್ಷಾಸ್ನಾನ ಪಡೆದ. ಆಗಸ್ಟೀನ್ ತಮ್ಮ ಆತ್ಮಕಥೆಯಂಥ ಪುಸ್ತಕ ‘ಕನ್ಫೆಷನ್ಸ್’ನಲ್ಲಿ ಇದನ್ನು ದೇವರಿಗೇ ಹೇಳುತ್ತಾರೆ. ಅಂದು ಅವಳು ಕೇಳಿದ್ದನ್ನು ನೀನು ಕೊಡಲಿಲ್ಲ, ಅವಳು ಯಾವಾಗಲೂ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ. ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ಇದನ್ನು ಎಲ್ಲರ ದುಃಖಕ್ಕೂ ಔಷಧಿಯಾಗಿ ಹಂಚಬಾರದು. ಆದರೆ ಮೋನಿಕಾ ಅವರಿಗೆ ಹೀಗಾಯಿತು.

ನಿಮ್ಮ ಅಮ್ಮನಿಗೆ ಬೈಪಾಸ್ ಆದದ್ದರಿಂದ ಇದನ್ನೂ ಹೇಳಬೇಕು. ಪ್ರಾರ್ಥನೆಯಿಂದ ಗುಣವಾಗುತ್ತದೆಯೇ ಎಂದು ಅಮೆರಿಕದ 6 ಆಸ್ಪತ್ರೆಗಳಲ್ಲಿ 1,802 ಬೈಪಾಸ್ ರೋಗಿಗಳ ಮೇಲೆ ದೊಡ್ಡ ಅಧ್ಯಯನ ಮಾಡಿದರು. ಫಲಿತಾಂಶ 2006ರಲ್ಲಿ ಬಂತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ನಡೆದವರಿಗೆ 52 ಶೇಕಡ, ನಡೆಯದವರಿಗೆ 51 ಶೇಕಡ ತೊಂದರೆಗಳಾದವು. ವ್ಯತ್ಯಾಸವಿಲ್ಲ. ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ಇನ್ನೂ ಹೆಚ್ಚು, 59 ಶೇಕಡ. ಕ್ರೈಸ್ತನಾಗಿ ನಾನು ಈ ಫಲಿತಾಂಶವನ್ನು ಮುಚ್ಚಿಡಬೇಕಾಗಿಲ್ಲ. ಗುರುತಿಲ್ಲದ ರೋಗಿಯ ಅರ್ಧ ಹೆಸರು ಕೊಟ್ಟು, ಇದೇ ವಾಕ್ಯ ಹೇಳಿ ಎಂದು ತಿಳಿಸಿ, ಇಷ್ಟು ದಿನ ಎಂದು ಗೊತ್ತುಮಾಡಿ, ಫಲ ಎಣಿಸಿದರೆ ಅಲ್ಲಿ ಪರೀಕ್ಷೆಯಾದದ್ದು ಒಂದು ಮಾತ್ರೆಯ ಹಾಗಿನ ಪ್ರಾರ್ಥನೆ. ಯೇಸು ಕಲಿಸಿದ ಪ್ರಾರ್ಥನೆ ದೇವರ ಕೈ ತಿರುಚುವ ಉಪಾಯವಲ್ಲ. ಅದಕ್ಕೇ ಹೇಳುತ್ತೇನೆ, ಪ್ರಾರ್ಥನೆ ಮಾಡಿದ್ದೇವೆ, ಔಷಧಿ ಬಿಡಿ ಎನ್ನುವವರ ಮಾತು ಯಾವತ್ತೂ ಕೇಳಬೇಡಿ. ಕಥೋಲಿಕರ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೇ ಅಧ್ಯಾಯ ಕಾಯಿಲೆ ಬಂದರೆ ದೇವರನ್ನು ಬೇಡು, ಆಮೇಲೆ ವೈದ್ಯನಿಗೂ ಅವನ ಜಾಗ ಕೊಡು, ಅವನನ್ನೂ ದೇವರೇ ಸೃಷ್ಟಿಸಿದ್ದು ಎನ್ನುತ್ತದೆ. ವೈದ್ಯರೂ ಪ್ರಾರ್ಥಿಸುತ್ತಾರೆ ಎಂದೂ ಸೇರಿಸುತ್ತದೆ. ನಿಮ್ಮ ಗೆಳೆಯರು ಡಾಕ್ಟರಿಗಾಗಿ ಬೇಡಿದ್ದು ಈ ದಾರಿಯಲ್ಲೇ.

ಹಾಗಾದರೆ ದೇವರಿಗೆ ಗೊತ್ತಿರುವುದನ್ನು ಯಾಕೆ ಕೇಳಬೇಕು? ನಿಮ್ಮ ಹಾಗೆಯೇ ಒಬ್ಬರು 1,600 ವರ್ಷಗಳ ಹಿಂದೆ ಪ್ರಾರ್ಥನೆಯ ಬಗ್ಗೆ ಕೇಳಿದ್ದರು. 410ರಲ್ಲಿ ಗಾಥರು ರೋಮನ್ನು ಲೂಟಿ ಮಾಡಿದ ಮೇಲೆ ಪ್ರೋಬಾ ಎಂಬ ಶ್ರೀಮಂತ ವಿಧವೆ ಮನೆಯವರೊಂದಿಗೆ ಆಫ್ರಿಕಕ್ಕೆ ಓಡಿಬಂದರು. ಏನು ಬೇಡಲಿ, ಹೇಗೆ ಬೇಡಲಿ ಎಂದು ಅವರು ಕೇಳಿದ್ದಕ್ಕೆ, ಹಿಪ್ಪೊ ಊರಿನ ಬಿಷಪ್ ಆಗಿದ್ದ ಆಗಸ್ಟೀನರು ಉದ್ದನೆಯ ಕಾಗದ ಬರೆದರು. ದೇವರಿಗೆ ತಿಳಿಸುವುದಕ್ಕಾಗಿ ನಾವು ಬೇಡುವುದಿಲ್ಲ, ಅವನು ಕೊಡಲಿರುವುದು ದೊಡ್ಡದು, ಅದನ್ನು ಹಿಡಿಯುವಷ್ಟು ನಮ್ಮ ಆಸೆ ಅಗಲವಾಗಲಿ ಎಂದು ಬೇಡಿಸುತ್ತಾನೆ. ಇದು ಅವರ ಉತ್ತರದ ತಿರುಳು. ಸರಿಯಾಗಿ ಬೇಡಿದ ಯಾವ ಪ್ರಾರ್ಥನೆಯೂ ಕರ್ತನ ಪ್ರಾರ್ಥನೆಯ ಹೊರಗಿಲ್ಲ ಎಂದೂ ಅದೇ ಕಾಗದದಲ್ಲಿ ತೋರಿಸಿಕೊಟ್ಟರು.

ನನಗೆ ಇದಕ್ಕಿಂತ ಸರಳವಾಗಿ ಹೊಳೆಯುವುದು ಲೂಕನಲ್ಲಿರುವ ಯೇಸುವಿನ ಒಂದು ಕಥೆ. ನಡುರಾತ್ರಿ ಒಬ್ಬನ ಮನೆಗೆ ಪ್ರಯಾಣದಿಂದ ನೆಂಟ ಬಂದ. ಬಡಿಸಲು ಏನೂ ಇಲ್ಲ. ಅವನು ಹೋಗಿ ಸ್ನೇಹಿತನ ಕದ ತಟ್ಟಿ 3 ರೊಟ್ಟಿ ಕೇಳುತ್ತಾನೆ. ಮಕ್ಕಳು ಮಲಗಿದ್ದಾರೆ, ತೊಂದರೆ ಕೊಡಬೇಡ ಎಂದು ಒಳಗಿನಿಂದ ಉತ್ತರ. ಇವನು ಬಿಡುವುದಿಲ್ಲ. ಈ ಕಥೆಯನ್ನು ಹಠಹಿಡಿದು ಕೇಳಿ ಎಂಬುದಕ್ಕೆ ಹೇಳುತ್ತಾರೆ, ಅದು ಸರಿಯೇ. ಆದರೆ ಆ ಮನುಷ್ಯ ರೊಟ್ಟಿ ಕೇಳಿದ್ದು ತನಗಲ್ಲ, ಹಸಿದು ಬಂದ ಇನ್ನೊಬ್ಬನಿಗೆ. ಮನೆಗೆ ಬಂದವರ ಹಸಿವು ಕಂಡಿರದಿದ್ದರೆ ಅವನು ಬೀದಿಗೇ ಇಳಿಯುತ್ತಿರಲಿಲ್ಲ. ದೇವರು ನೇರವಾಗಿ ಎಲ್ಲರಿಗೂ ಕೊಟ್ಟುಬಿಡಬಹುದಿತ್ತು. ಕೇಳಿಸಿ ಕೊಡುವುದರಿಂದ ನಾವು ಒಬ್ಬರ ಕಷ್ಟ ಇನ್ನೊಬ್ಬರು ನೋಡುತ್ತೇವೆ, ಅವರ ಹೆಸರು ಬಾಯಲ್ಲಿ ತರುತ್ತೇವೆ, ಅವರ ಹಾಸಿಗೆಯ ಹತ್ತಿರ ಹೋಗಿ ನಿಲ್ಲುತ್ತೇವೆ.

ಕ್ರೈಸ್ತರು ಯಾರು ಯಾರಿಗಾಗಿ ಬೇಡುತ್ತಾರೆ ಎಂದು ಒಂದೇ ಕಡೆ ಕೇಳಬೇಕಿದ್ದರೆ ಶುಭ ಶುಕ್ರವಾರ ಮಧ್ಯಾಹ್ನ ಹತ್ತಿರದ ಕಥೋಲಿಕ ಚರ್ಚಿಗೆ ಹೋಗಿ. ಸಾಮಾನ್ಯವಾಗಿ 3 ಗಂಟೆಯ ಹೊತ್ತಿಗೆ ಆರಾಧನೆ ಶುರುವಾಗುತ್ತದೆ. ಅದರಲ್ಲಿ 10 ಪ್ರಾರ್ಥನೆಗಳು ಒಂದರ ಹಿಂದೆ ಒಂದು ಬರುತ್ತವೆ. ಧರ್ಮಸಭೆಗಾಗಿ, ಪೋಪರಿಗಾಗಿ, ಗುರುಗಳು ಮತ್ತು ಎಲ್ಲ ವಿಶ್ವಾಸಿಗಳಿಗಾಗಿ, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರಿಗಾಗಿ, ಕ್ರೈಸ್ತರ ಒಗ್ಗಟ್ಟಿಗಾಗಿ, ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ಆಡಳಿತ ನಡೆಸುವವರಿಗಾಗಿ, ಕೊನೆಗೆ ಕಷ್ಟದಲ್ಲಿರುವವರಿಗಾಗಿ. ಆ ಕೊನೆಯದರಲ್ಲಿ ರೋಗಿಗಳು, ಹಸಿದವರು, ಜೈಲಿನಲ್ಲಿರುವವರು, ಪ್ರಯಾಣದಲ್ಲಿರುವವರು, ಸಾಯುತ್ತಿರುವವರು ಎಲ್ಲರೂ ಬರುತ್ತಾರೆ. ಪ್ರತಿಯೊಂದಕ್ಕೂ ಮುಂಚೆ ಸ್ವಲ್ಪ ಹೊತ್ತು ಮೌನ ಇರುತ್ತದೆ. ಹಿಂದೂಗಳಾದ ನೀವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು, ಯಾರೂ ಏನೂ ಅನ್ನುವುದಿಲ್ಲ. ಪರಮಪ್ರಸಾದ (ಯೇಸುವಿನ ದೇಹವೆಂದು ನಂಬಿ ಸೇವಿಸುವ ರೊಟ್ಟಿ) ಸ್ವೀಕರಿಸಲು ಮಾತ್ರ ಮುಂದೆ ಹೋಗಬೇಡಿ, ಅದು ಆ ಸಭೆಯ ವಿಶ್ವಾಸಿಗಳಿಗೆ. ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ಆರಾಧನೆ ಒಂದೂವರೆ ಗಂಟೆಗೂ ಹೆಚ್ಚು ನಡೆಯಬಹುದು, ಎದ್ದು ನಿಲ್ಲುವುದು ಮೊಣಕಾಲೂರುವುದು ಬಹಳ ಇರುತ್ತದೆ. ಅವರು ಕುಳಿತೇ ಇದ್ದರೂ ಆಗುತ್ತದೆ.